ಎದೆಯ ಗಂಟು ಮತ್ತು ನಮ್ಮ ಮೈಯೊಳಗಿನ ಕಾವಲುಗಾರರು

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)

ಬೆಳ್ಳಿ ಹಬ್ಬಕ್ಕೆ ಒಬ್ಬೊಬ್ಬ ನಿರ್ದೇಶಕರು ಒಂದೊಂದು ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಮಂಡಳಿಯಲ್ಲಿ ತೀರ್ಮಾನವಾದಾಗ, ಮೇವಿನ ವಿಷಯ, ಕರು ಸಾಕಣೆಯ ವಿಷಯ, ಹಾಲಿನ ಗುಣಮಟ್ಟದ ವಿಷಯ ಎಲ್ಲವೂ ಬೇರೆಯವರ ಪಾಲಾಯಿತು. ನಾವು ಸ್ತನ ಕ್ಯಾನ್ಸರ್ ಅಂತ ಹೇಳಿದೆವು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅಧ್ಯಕ್ಷರೇ, "ಮಾತಾಡಿ, ಯಾರಾದರೂ ಮಾತಾಡಬೇಕಲ್ಲ" ಅಂದರು. ಅವರಿಗೆ ನಮ್ಮ ವಂದನೆಗಳು. ನಾವು ಓದಿರುವುದು ಎಸ್.ಎಸ್.ಎಲ್.ಸಿ. ತನಕ. ಡಾಕ್ಟರಲ್ಲ. ಆದರೆ ಮನೆಯವರೊಬ್ಬರನ್ನು ಕರೆದುಕೊಂಡು ಒಂದೂವರೆ ವರ್ಷ ಬೆಂಗಳೂರಿಗೆ ಓಡಾಡಿದ್ದೇವೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೇಳಿ ತಿಳಿದದ್ದು, ಆಮೇಲೆ ಜೀವಶಾಸ್ತ್ರ ಓದುತ್ತಿರುವ ನಮ್ಮ ಅಣ್ಣನ ಮಗಳು ಓದಿ ಬಿಡಿಸಿ ಹೇಳಿದ್ದು, ಇವಿಷ್ಟೇ ನಮ್ಮ ಬಂಡವಾಳ.

ಮೊದಲು ನಮಗೆಲ್ಲ ಗೊತ್ತಿರುವ ವಿಷಯದಿಂದ ಶುರು ಮಾಡೋಣ. ಹಸುವಿನ ಕೆಚ್ಚಲು ಒಂದು ಕಡೆ ಗಟ್ಟಿಯಾಯಿತು, ಹಾಲಿನಲ್ಲಿ ಚೂರು ಬಂತು ಅಂದರೆ ಅದೇ ಸಾಯಂಕಾಲ ಡಾಕ್ಟರಿಗೆ ಫೋನ್ ಹೋಗುತ್ತೆ. ಡಾಕ್ಟರು ಬಂದು ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ನಾಲ್ಕೂ ಮೊಲೆಯ ಹಾಲು ಹಿಂಡಿ, ಔಷಧಿ ಹಾಕಿ ಅಲ್ಲಾಡಿಸುತ್ತಾರೆ. ಬಾವು ಇದ್ದರೆ ಹಾಲು ಲೋಳೆಲೋಳೆ ಆಗುತ್ತೆ. ಆ ಲೋಳೆ ಏನು ಅಂತ ಎಷ್ಟು ಜನ ಯೋಚನೆ ಮಾಡಿದ್ದೇವೆ? ಕೆಚ್ಚಲಿಗೆ ನುಗ್ಗಿದ ಕ್ರಿಮಿಯ ಮೇಲೆ ಯುದ್ಧ ಮಾಡಲು ರಕ್ತದಿಂದ ಇಳಿದು ಬಂದ ಬಿಳಿ ರಕ್ತಕಣಗಳು ಲಕ್ಷಗಟ್ಟಲೆ ಹಾಲಿಗೆ ಸೇರಿರುತ್ತವೆ. ಔಷಧಿ ಬಿದ್ದಾಗ ಆ ಕಣಗಳು ಒಡೆದು, ಅವುಗಳ ಒಳಗಿನ ಡಿ.ಎನ್.ಎ. ಎಂಬ ಎಳೆ ಬಿಚ್ಚಿಕೊಂಡು ಲೋಳೆಯಾಗುತ್ತದೆ. ಅಂದರೆ ನಾವು ನೋಡುವುದು ಸತ್ತ ಸೈನಿಕರ ಗುರುತು. ಈ ಲೋಳೆಯನ್ನು ನೆನಪಿಟ್ಟುಕೊಳ್ಳಿ, ಇನ್ನೊಂದು ಸಲ ಇದರ ಮಾತು ಬರುತ್ತದೆ.

ಹಸುವಿನ ಕೆಚ್ಚಲು ಬಾವು ಬೇರೆ, ಹೆಂಗಸಿನ ಸ್ತನದ ಕ್ಯಾನ್ಸರ್ ಬೇರೆ. ಬಾವಿಗೆ ಕಾರಣ ಹೊರಗಿನಿಂದ ಬಂದ ಕ್ರಿಮಿ. ಕ್ಯಾನ್ಸರ್ ನಮ್ಮದೇ ಜೀವಕೋಶ ಹದ ತಪ್ಪಿ, ನಿಲ್ಲು ಅಂದರೂ ನಿಲ್ಲದೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವುದು. ಬಾವು ನೋಯುತ್ತದೆ. ಈ ಗಂಟು ಬಹಳ ಮಂದಿಗೆ ಶುರುವಿನಲ್ಲಿ ನೋಯುವುದೇ ಇಲ್ಲ. ನೋವಿಲ್ಲವಲ್ಲ ಎಂದು ಸುಮ್ಮನಿರುವುದರಿಂದಲೇ ಅನಾಹುತ. ನಮ್ಮ ದೇಶದ ಹೆಂಗಸರಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ಇದೇ ಮೊದಲನೆಯದು. 2022ರ ಲೆಕ್ಕದಲ್ಲಿ ಭಾರತದಲ್ಲಿ ಹೊಸದಾಗಿ ಬಂದವರು ಸುಮಾರು 1 ಲಕ್ಷ 92 ಸಾವಿರ, ಇದರಿಂದ ತೀರಿಕೊಂಡವರು ಸುಮಾರು 98 ಸಾವಿರ.

ಸ್ತನದಲ್ಲಿರುವ ಗಂಟು ಅಲ್ಲೇ ಇದ್ದರೆ ಜೀವ ತೆಗೆಯುವುದಿಲ್ಲ. ಅದನ್ನು ತೆಗೆದು ಹಾಕಬಹುದು. ಜೀವ ತೆಗೆಯುವುದು ಅದು ಅಲ್ಲಿಂದ ಎದ್ದು ಮೂಳೆಗೆ, ಶ್ವಾಸಕೋಶಕ್ಕೆ, ಪಿತ್ತಜನಕಾಂಗಕ್ಕೆ, ಮೆದುಳಿಗೆ ಹೋಗಿ ಬೇರು ಬಿಟ್ಟಾಗ. ಹಾಗಾದರೆ ಅದು ಹೇಗೆ ಹೊರಡುತ್ತೆ, ಯಾರು ದಾರಿ ಬಿಡುತ್ತಾರೆ ಎಂಬುದೇ ಇವತ್ತಿನ ನಮ್ಮ ಮಾತು.

1889ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯರು ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಹೆಂಗಸರ ದಾಖಲೆ ಮುಂದಿಟ್ಟುಕೊಂಡು ಕೂತರು. ರಕ್ತ ಎಲ್ಲ ಅಂಗಕ್ಕೂ ಹರಿಯುತ್ತದೆ, ಹಾಗಿದ್ದ ಮೇಲೆ ರೋಗ ಎಲ್ಲ ಕಡೆಗೂ ಸಮನಾಗಿ ಹರಡಬೇಕಿತ್ತಲ್ಲ, ಕೆಲವು ಅಂಗಗಳಲ್ಲೇ ಯಾಕೆ ಹೆಚ್ಚು ಎಂಬುದು ಅವರ ಪ್ರಶ್ನೆ. ಅವರು ಕೊಟ್ಟ ಉತ್ತರ ರೈತನ ಉತ್ತರ. ಬೀಜ ಎಲ್ಲ ಕಡೆ ಬೀಳುತ್ತದೆ, ಹುಟ್ಟುವುದು ಹದವಾದ ನೆಲದಲ್ಲಿ ಮಾತ್ರ. ಕಾಲುವೆ ನೀರಿನಲ್ಲಿ ಕಾಂಗ್ರೆಸ್ ಗಿಡದ ಬೀಜ ಇಡೀ ಬಯಲಿಗೆ ಬಂದರೂ ಬಂಡೆಯ ಮೇಲೆ ಬಿದ್ದದ್ದು ಹುಟ್ಟುತ್ತದೆಯೇ? ನೂರಮೂವತ್ತು ವರ್ಷದ ಮೇಲಾದರೂ ವಿಜ್ಞಾನಿಗಳು ಇವತ್ತಿಗೂ ಆ ಮಾತನ್ನು ಬಿಟ್ಟಿಲ್ಲ. ಆ ನೆಲವನ್ನು ಹದ ಮಾಡುವವರು ಯಾರು ಎಂದು ಹುಡುಕಿಕೊಂಡು ಹೋದವರಿಗೆ ಸಿಕ್ಕಿದ್ದು ನಮ್ಮದೇ ಕಾವಲುಗಾರರು, ಬಿಳಿ ರಕ್ತಕಣಗಳು.

ಈ ಕಾವಲುಗಾರರಲ್ಲಿ ಮ್ಯಾಕ್ರೋಫೇಜ್ ಎಂಬುದೊಂದು ಜಾತಿ. ಗ್ರೀಕ್ ಭಾಷೆಯಲ್ಲಿ ದೊಡ್ಡ ಹೊಟ್ಟೆಬಾಕ ಅಂತ ಅರ್ಥವಂತೆ. 1882ರಲ್ಲಿ ಇಟಲಿಯ ಮೆಸ್ಸಿನಾ ಎಂಬ ಊರಿನಲ್ಲಿ ಮೆಚ್ನಿಕಾಫ್ ಎಂಬ ರಷ್ಯಾದ ವಿಜ್ಞಾನಿ ನಕ್ಷತ್ರ ಮೀನಿನ ಮರಿಗೆ ಮುಳ್ಳು ಚುಚ್ಚಿ, ಮಾರನೇ ದಿನ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. ಮೈಗೆ ಹೊಕ್ಕಿದ್ದನ್ನು ಈ ಕಣಗಳು ತಿಂದು ಹಾಕುತ್ತವೆ ಎಂದು ತೋರಿಸಿದ್ದಕ್ಕೆ ಅವರಿಗೆ 1908ರಲ್ಲಿ ನೊಬೆಲ್ ಬಹುಮಾನ ಬಂತು. ಈ ಹೊಟ್ಟೆಬಾಕನ ಕೆಲಸ ಬರೀ ತಿನ್ನುವುದಲ್ಲ, ಎರಡು ಕೆಲಸ ಇದೆ. ಕುಡುಗೋಲು ತಾಗಿ ಕೈ ಕುಯ್ದುಕೊಂಡಿರಿ ಎನ್ನಿ. ಮೊದಲ ದಿನ ಇವು ಬಂದು ಕೊಳೆ, ಕ್ರಿಮಿ ತಿಂದು ಗುಡಿಸುತ್ತವೆ. ಗುಡಿಸಿದ ಮೇಲೆ ಅವೇ ಮೇಸ್ತ್ರಿಗಳಾಗುತ್ತವೆ. ಹೊಸ ರಕ್ತನಾಳ ಬರಲಿ, ಹೊಸ ಚರ್ಮ ಬೆಳೆಯಲಿ ಎಂದು ಸುತ್ತಲಿನ ಕೋಶಗಳಿಗೆ ಸೂಚನೆ ಕೊಟ್ಟು ಗಾಯ ಮುಚ್ಚಿಸುತ್ತವೆ. ಗಾಯ ಮಾಯಿತು, ಮೇಸ್ತ್ರಿ ಮನೆಗೆ ಹೋದ.

ಕ್ಯಾನ್ಸರ್ ಗಂಟು ಮಾಯದ ಗಾಯ ಇದ್ದಂತೆ ಎಂದು 1986ರಲ್ಲಿ ಅಮೆರಿಕದ ಹೆರಾಲ್ಡ್ ಡ್ವೊರಾಕ್ ಎಂಬ ವೈದ್ಯರು ಬರೆದರು. ನಮಗೆ ಈ ಒಂದು ಮಾತು ಕೇಳಿದ ಮೇಲೇ ವಿಷಯ ಬಗೆಹರಿದದ್ದು. ಗಂಟು ಸದಾ ಗಾಯದ ಹಾಗೆ ಕೂಗು ಹಾಕುತ್ತಿರುತ್ತದೆ. ಹೊಟ್ಟೆಬಾಕಗಳು ಓಡಿ ಬರುತ್ತವೆ, ಬಂದು ತಿನ್ನುವ ಬುದ್ಧಿ ಬಿಟ್ಟು ಮೇಸ್ತ್ರಿ ಕೆಲಸಕ್ಕೆ ಕೂತುಬಿಡುತ್ತವೆ. ಗಾಯ ಮಾಯುವುದಿಲ್ಲ, ಮೇಸ್ತ್ರಿ ಮನೆಗೆ ಹೋಗುವುದಿಲ್ಲ. ಹೊಸ ರಕ್ತನಾಳ ಬೆಳೆಸಿ ಗಂಟಿಗೆ ಊಟ ಹಾಕುತ್ತಾನೆ.

ಇಷ್ಟಕ್ಕೇ ನಿಲ್ಲುವುದಿಲ್ಲ. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಜೀವಂತ ಇಲಿಯ ಗಂಟಿನೊಳಗೆ ಸೂಕ್ಷ್ಮದರ್ಶಕ ಇಟ್ಟು ನೋಡಿದರು. ಕ್ಯಾನ್ಸರ್ ಕೋಶ ಮುಂದೆ, ಹೊಟ್ಟೆಬಾಕ ಹಿಂದೆ, ಮತ್ತೆ ಕ್ಯಾನ್ಸರ್ ಕೋಶ, ಹೀಗೆ ಒಂದರ ಹಿಂದೆ ಒಂದು ಸಾಲುಗಟ್ಟಿ ರಕ್ತನಾಳದ ಕಡೆಗೆ ನಡೆಯುತ್ತಿದ್ದವು. ಅವುಗಳ ನಡುವೆ ಇರುವುದು ನಮ್ಮೂರಿನ ಮುಯ್ಯಾಳು ಪದ್ಧತಿ. ಕ್ಯಾನ್ಸರ್ ಕೋಶ ಒಂದು ರಸ ಬಿಡುತ್ತದೆ, ಅದು ಹೊಟ್ಟೆಬಾಕನನ್ನು ಕರೆದು ಉಳಿಸಿಕೊಳ್ಳುತ್ತದೆ. ಹೊಟ್ಟೆಬಾಕ ತಿರುಗಿ ಇನ್ನೊಂದು ರಸ ಕೊಡುತ್ತದೆ, ಅದು ಕ್ಯಾನ್ಸರ್ ಕೋಶವನ್ನು ಎಬ್ಬಿಸಿ ನಡೆಸುತ್ತದೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ನೋಂದಣಿ ಇಲ್ಲದ, ಆಡಿಟ್ ಇಲ್ಲದ ಸಹಕಾರ ಸಂಘ ಅಂತ ನಾವು ತಮಾಷೆಗೆ ಹೇಳಿದ್ದುಂಟು. ಆ ಮೊದಲನೆಯ ರಸವೇ ಇಲ್ಲದ ಇಲಿಗಳನ್ನು ತಯಾರು ಮಾಡಿ ನೋಡಿದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಅವುಗಳಲ್ಲೂ ಗಂಟು ಹುಟ್ಟಿತು, ಬೆಳೆಯಿತು. ಆದರೆ ಅದು ಕೆರಳಿ ಶ್ವಾಸಕೋಶಕ್ಕೆ ಹರಡುವುದು ಬಹಳ ತಡವಾಯಿತು. ಗಂಟು ಹುಟ್ಟುವುದು ಒಂದು, ಹರಡುವುದು ಇನ್ನೊಂದು ಅಂತ ಅಲ್ಲಿಗೆ ಖಚಿತವಾಯಿತು.

ಇನ್ನು ರಕ್ತನಾಳದ ಗೋಡೆ. ಅದು ಕೆರೆಯ ಏರಿ ಇದ್ದ ಹಾಗೆ, ಸುಮ್ಮನೆ ಯಾರನ್ನೂ ಬಿಡುವುದಿಲ್ಲ. ಹೊಟ್ಟೆಬಾಕ ಆ ಗೋಡೆಗೆ ಅಂಟಿಕೊಂಡು ಕೂತು, ಗೋಡೆಯನ್ನು ಸ್ವಲ್ಪ ಹೊತ್ತು ಸಡಿಲ ಮಾಡುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿರುವ ಕ್ಯಾನ್ಸರ್ ಕೋಶ ಒಳಗೆ ಇಳಿಯುತ್ತದೆ. ಕೆರೆ ಕಾಯಬೇಕಾದ ನೀರುಗಂಟಿಯೇ ರಾತ್ರಿ ತೂಬು ಎತ್ತಿಕೊಟ್ಟ ಹಾಗೆ. ಗೋಡೆಯ ಕೋಶ, ಹೊಟ್ಟೆಬಾಕ, ಕ್ಯಾನ್ಸರ್ ಕೋಶ ಮೂರೂ ಒಂದೆಡೆ ತಾಗಿಕೊಂಡಿರುವ ಇಂಥ ಜಾಗಗಳನ್ನು ಹೆಂಗಸರಿಂದ ತೆಗೆದ ಗಂಟುಗಳಲ್ಲೂ ಎಣಿಸಿದ್ದಾರೆ. ರೋಗ ದೂರದ ಅಂಗಕ್ಕೆ ಹರಡಿದವರಲ್ಲಿ ಇಂಥ ತೂಬುಗಳು ಹೆಚ್ಚಿಗೆ ಇದ್ದವು ಎಂದು 2009ರಲ್ಲಿ ವರದಿ ಆಯಿತು.

ರಕ್ತಕ್ಕೆ ಇಳಿದ ಮಾತ್ರಕ್ಕೆ ಬದುಕಿತು ಅಂತಲ್ಲ. ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ರಕ್ತಕ್ಕೆ ಬಿಟ್ಟ ಸಾವಿರ ಕ್ಯಾನ್ಸರ್ ಕೋಶದಲ್ಲಿ ಒಂದು ಕೂಡ ಉಳಿದು ಗಂಟಾಗುವುದು ಕಷ್ಟ. ಹರಿವಿನ ಹೊಡೆತಕ್ಕೆ ಕೆಲವು ಸಾಯುತ್ತವೆ, ಎನ್.ಕೆ. ಕೋಶ ಎಂಬ ಪಹರೆಯವರ ಕೈಗೆ ಸಿಕ್ಕಿ ಕೆಲವು ಸಾಯುತ್ತವೆ. ಆದರೆ ಅಲ್ಲೂ ಒಬ್ಬ ಜೊತೆಗಾರ ಸಿಗುವುದುಂಟು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದವರು 2019ರಲ್ಲಿ ತೋರಿಸಿದ್ದೇನೆಂದರೆ, ನ್ಯೂಟ್ರೋಫಿಲ್ ಎಂಬ ಬಿಳಿಕಣ ಜೊತೆಗೆ ಅಂಟಿಕೊಂಡಿದ್ದ ಕ್ಯಾನ್ಸರ್ ಕೋಶಗಳು ಒಂಟಿಯಾಗಿ ಹೋಗುತ್ತಿದ್ದವಕ್ಕಿಂತ ಜಾಸ್ತಿ ಚುರುಕು.

ಈಗ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಅತ್ತಿಗೆಯವರೇ "ಹೇಳಿ, ಮುಚ್ಚಿಡೋದೇನಿದೆ" ಎಂದು ಅಪ್ಪಣೆ ಕೊಟ್ಟಿದ್ದಾರೆ. ಯುಗಾದಿ ಹೊತ್ತಿಗೆ ಅವರ ಕೈಗೆ ಎಡಗಡೆ ಗೋಲಿಯಷ್ಟು ಗಂಟು ಸಿಕ್ಕಿತು. ನೋವಿಲ್ಲ. ಯಾರಿಗೂ ಹೇಳಲಿಲ್ಲ. ಆಮೇಲೆ ಹೋಬಳಿಯ ಒಬ್ಬ ಖಾಸಗಿ ವೈದ್ಯರು ಕೈಯಿಂದ ಮುಟ್ಟಿ ಕೂಡ ನೋಡದೆ "ಹಾಲಿನ ಗಂಟು, ಕರಗುತ್ತೆ" ಎಂದು ಮಾತ್ರೆ ಬರೆದರು. ಅವರ ಕೊನೆಯ ಮಗುವಿಗೆ ಆಗ ಹದಿನಾರು ವರ್ಷ, ಎಲ್ಲಿಯ ಹಾಲು! ಇನ್ನೊಬ್ಬರು ಎರಡು ತಿಂಗಳು ಸೊಪ್ಪಿನ ಲೇಪ ಹಾಕಿದರು. ದೀಪಾವಳಿ ಕಳೆದ ಮೇಲೆ ಕಂಕುಳಲ್ಲಿ ಇನ್ನೊಂದು ಗಂಟು ಎದ್ದಾಗ ನಮ್ಮ ಅಣ್ಣನಿಗೆ ಹೇಳಿದರು. ಆಗ ಬೆಂಗಳೂರಿಗೆ ಹೊರಟೆವು.

ಕಂಕುಳಲ್ಲಿ ಯಾಕೆ ಅಂತ ನಾವು ಕೇಳಿದ್ದಕ್ಕೆ ಡಾಕ್ಟರಮ್ಮ ಒಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. "ನೋಡಿ ಯಜಮಾನ್ರೇ, ಇದು ಪೊಲೀಸ್ ಠಾಣೆ. ಸ್ತನದಿಂದ ಬರುವ ನೀರೆಲ್ಲ ಮೊದಲು ಇಲ್ಲಿಗೇ ಬರೋದು" ಅಂದರು. ಅದಕ್ಕೆ ದುಗ್ಧಗ್ರಂಥಿ ಎಂದು ಹೆಸರು. ದುಗ್ಧ ಅಂದರೆ ಹಾಲು ತಾನೇ, ಡೇರಿಯವರಿಗೆ ಈ ಹೆಸರು ಮರೆಯುವಂತಿಲ್ಲ. ಅಲ್ಲಿ ಟಿ ಕೋಶ ಎಂಬ ಬಿಳಿಕಣಗಳು ಕಳ್ಳನ ಗುರುತು ಕಲಿತು ಹಿಡಿಯಲು ಹೊರಡುತ್ತವೆ. ಠಾಣೆಯೊಳಗೇ ಕ್ಯಾನ್ಸರ್ ಬಂದು ಕೂತಿದ್ದರೆ ರೋಗ ಮನೆ ದಾಟಿ ಬೀದಿಗೆ ಬಂದಿದೆ ಎಂದೇ ಲೆಕ್ಕ, ಚಿಕಿತ್ಸೆ ದೊಡ್ಡದಾಗುತ್ತದೆ. ಅತ್ತಿಗೆಯವರಿಗೆ ಮೊದಲು ಇಂಜೆಕ್ಷನ್ನು, ಆಮೇಲೆ ಆಪರೇಷನ್ನು, ಆಮೇಲೆ ಕರೆಂಟು ಕೊಡುವುದು, ಮೂರೂ ಆಯಿತು. ಯುಗಾದಿಯಲ್ಲೇ ಹೋಗಿದ್ದರೆ ಇಷ್ಟು ಬೇಕಾಗುತ್ತಿರಲಿಲ್ಲವೇನೋ ಎಂದು ಡಾಕ್ಟರಮ್ಮ ಬೈಯದೆ ಹೇಳಿದರು. ಈಗ ದಿನಾ ಒಂದು ಮಾತ್ರೆ ನುಂಗುತ್ತಾ, ಎರಡು ಹಸು ಕಟ್ಟಿಕೊಂಡು ಸಂಘಕ್ಕೆ ಹಾಲು ಹಾಕುತ್ತಿದ್ದಾರೆ.

ಟಿ ಕೋಶ ಅಂದೆವಲ್ಲ. ಇದೇ ನಿಜವಾದ ಬೇಟೆಗಾರ. ಗಂಟನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಒಳಗೆ ಇವು ತುಂಬಾ ಇದ್ದರೆ, ಅದರಲ್ಲೂ ತ್ರಿವಳಿ ನೆಗೆಟಿವ್ ಎಂಬ ಕೆಟ್ಟ ಬಗೆಯಲ್ಲಿ, ರೋಗಿಗೆ ಒಳ್ಳೆಯ ಸೂಚನೆ. ಈ ಬಗೆ ಪಾಶ್ಚಾತ್ಯ ದೇಶಗಳಿಗಿಂತ ನಮ್ಮ ದೇಶದಲ್ಲಿ ಹೆಚ್ಚು. ಆದರೆ ಟಿ ಕೋಶಕ್ಕೆ ದೇವರು ಒಂದು ಬ್ರೇಕ್ ಇಟ್ಟಿದ್ದಾನೆ. ಬ್ರೇಕ್ ಇಲ್ಲದಿದ್ದರೆ ಅದು ನಮ್ಮ ಮೈಯನ್ನೇ ಹೊಡೆದು ಹಾಕುತ್ತದೆ. ಕ್ಯಾನ್ಸರ್ ಕೋಶ ಆ ಬ್ರೇಕಿನ ಮೇಲೆ ಕಾಲಿಟ್ಟು ಒತ್ತಿ ಹಿಡಿಯುತ್ತದೆ. ಆ ಕಾಲನ್ನು ಎತ್ತಿಸುವ ದಾರಿ ಕಂಡುಹಿಡಿದ ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಹುಮಾನ ಬಂತು. ಸೈನ್ಯವನ್ನು ಹಿಡಿದು ನಿಲ್ಲಿಸುವ ಇನ್ನೊಂದು ಜಾತಿಯ ಟಿ ಕೋಶದ ಸಂಶೋಧನೆಗೆ 2025ರಲ್ಲಿ ಮೂವರಿಗೆ ಬಂತು. ಬ್ರೇಕ್ ಎತ್ತಿಸುವ ಪೆಂಬ್ರೋಲಿಜುಮಾಬ್ ಎಂಬ ಔಷಧಿಯನ್ನು ತ್ರಿವಳಿ ನೆಗೆಟಿವ್ ಬಗೆಯಲ್ಲಿ, ಆಪರೇಷನ್ನಿಗೆ ಮೊದಲೇ ಶುರು ಮಾಡಲು ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಲಕ್ಷಗಟ್ಟಲೆ. ಎಲ್ಲರಿಗೂ ಹೊಂದುವುದೂ ಇಲ್ಲ, ಅತ್ತಿಗೆಯವರದು ಬೇರೆ ಬಗೆ, ಅವರಿಗೆ ಅದು ಬೇಕಾಗಲಿಲ್ಲ. ಹರ್-ಟು ಎಂಬ ಮತ್ತೊಂದು ಬಗೆಗೆ ಟ್ರಾಸ್ಟುಜುಮಾಬ್ ಎಂಬ ಔಷಧಿ ಇದೆ. ಅದು ಕ್ಯಾನ್ಸರ್ ಕೋಶದ ಬೆಳವಣಿಗೆ ತಡೆಯುವುದಲ್ಲದೆ ಅದರ ಬೆನ್ನ ಮೇಲೆ ಗುರುತು ಹಚ್ಚಿದ ಹಾಗೆ ಮಾಡಿ ಎನ್.ಕೆ. ಕೋಶಗಳನ್ನು ಕರೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ಬಂದ ಔಷಧಿ. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ಅದೇ ಮಾದರಿಯದನ್ನು ಇಲ್ಲಿ ಬಿಡುಗಡೆ ಮಾಡಿತು.

ಮೂಳೆಯ ಮಾತು ಎರಡೇ ವಾಕ್ಯದಲ್ಲಿ. ಮೂಳೆಯನ್ನು ಸವೆಸಿ ಹೊಸದು ಮಾಡಲು ಹೊಟ್ಟೆಬಾಕನ ದಾಯಾದಿಗಳು ಅಲ್ಲಿವೆ, ಕ್ಯಾನ್ಸರ್ ಬಂದು ಅವನ್ನು ಕೆರಳಿಸಿದರೆ ಅವು ಮೂಳೆ ತಿನ್ನುತ್ತವೆ, ತಿಂದಾಗ ಬಿಡುಗಡೆಯಾದ ಸತ್ವ ಕ್ಯಾನ್ಸರಿಗೇ ಗೊಬ್ಬರ. ಚಿಕಿತ್ಸೆ ಆದ ಹೆಂಗಸರಿಗೆ ಬೆನ್ನುಮೂಳೆ, ಸೊಂಟದ ಮೂಳೆ ಬಿಡದೆ ನೋಯುತ್ತಿದ್ದರೆ ವಯಸ್ಸಾಯಿತು ಎಂದು ಎಣ್ಣೆ ಹಚ್ಚಿಕೊಂಡು ಕೂರದೆ ಡಾಕ್ಟರಿಗೆ ಹೇಳಬೇಕು ಎನ್ನುವುದು ಇದಕ್ಕೇ.

ಇನ್ನು ಆ ಲೋಳೆಯ ವಿಷಯ. ಕೆಲವು ಕ್ಯಾನ್ಸರ್ ಕೋಶಗಳು ದೂರದ ಅಂಗಕ್ಕೆ ಹೋಗಿ ಏನೂ ಮಾಡದೆ ವರ್ಷಗಟ್ಟಲೆ ಮಲಗಿರುತ್ತವೆ. ಎನ್.ಕೆ. ಕೋಶ, ಟಿ ಕೋಶಗಳ ಕಾವಲು ಇರುವವರೆಗೂ ಹಾಗೇ ಇರುತ್ತವೆ. ಬರದಲ್ಲಿ ನೆಲದೊಳಗಿದ್ದ ಕಳೆ ಬೀಜ ಐದು ವರ್ಷದ ಮೇಲೆ ಒಂದು ಮಳೆಗೆ ಹುಟ್ಟುವುದಿಲ್ಲವೇ? ಆ ಮಳೆ ಯಾವುದು? ನ್ಯೂಟ್ರೋಫಿಲ್ ಕಣಗಳು ಕ್ರಿಮಿ ಹಿಡಿಯಲು ತಮ್ಮ ಡಿ.ಎನ್.ಎ. ಎಳೆಯನ್ನೇ ಬಲೆಯ ಹಾಗೆ ಎಸೆಯುತ್ತವೆ ಎಂದು 2004ರಲ್ಲಿ ಬೆಳಕಿಗೆ ಬಂತು. ತಟ್ಟೆಯಲ್ಲಿ ನಾವು ಕಾಣುವ ಲೋಳೆಯ ಎಳೆಯೇ ಅದು. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದವರು 2018ರಲ್ಲಿ, ಇಲಿಗಳ ಶ್ವಾಸಕೋಶಕ್ಕೆ ತಂಬಾಕಿನ ಹೊಗೆ ಕುಡಿಸಿದಾಗ ಅಲ್ಲಿ ಈ ಬಲೆಗಳು ಹರಡಿ, ಬಲೆಯಲ್ಲಿದ್ದ ರಸಗಳು ಸುತ್ತಲಿನ ನೆಲವನ್ನು ಕಡಿದು ಬದಲಾಯಿಸಿ, ಮಲಗಿದ್ದ ಸ್ತನ ಕ್ಯಾನ್ಸರ್ ಕೋಶಗಳು ಎದ್ದು ಬೆಳೆದವು ಎಂದು ತೋರಿಸಿದರು. ಇಲಿಯಲ್ಲಿ ಆದದ್ದೆಲ್ಲ ಮನುಷ್ಯರಲ್ಲಿ ಹಾಗೇ ಆಗುತ್ತೆ ಅಂತ ಹೇಳುವ ಹಾಗಿಲ್ಲ. ಆದರೂ ಚಿಕಿತ್ಸೆ ಆದ ಹೆಂಗಸು ಇರುವ ಮನೆಯೊಳಗೆ ಬೀಡಿ ಸೇದುವ ಯಜಮಾನರು ಜಗಲಿ ಬಿಟ್ಟು ಇನ್ನೂ ಆಚೆ ಹೋದರೆ ನಷ್ಟವೇನೂ ಇಲ್ಲ, ಪೂರ್ತಿ ಬಿಟ್ಟರೆ ಅವರಿಗೇ ಲಾಭ.

ಇಷ್ಟು ಉದ್ದ ಯಾಕೆ ಹೇಳಿದೆವು ಅಂದರೆ, ಕೊರೋನಾ ಬಂದು ಹೋದ ಮೇಲೆ ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ, ಟಾನಿಕ್ಕು ಎಂದು ಸಂತೆಯಲ್ಲೂ ಮಾರುತ್ತಿದ್ದಾರೆ. ಕ್ಯಾನ್ಸರಿಗೂ ಆಗುತ್ತೆ ಅಂತಾರೆ. ಕಾವಲುಗಾರರಲ್ಲೇ ಹಿಡಿಯುವವನೂ ಇದ್ದಾನೆ, ತೂಬು ಎತ್ತುವವನೂ ಇದ್ದಾನೆ. ಯಾರ ಶಕ್ತಿ ಹೆಚ್ಚಿಸುತ್ತೀರಿ ಎಂದು ಆ ಮಾರುವವನನ್ನು ಕೇಳಿ. ಇನ್ನೊಂದು ಮಾತು, ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೆ ರೋಗ ಹರಡುತ್ತೆ ಅಂತ ನಮ್ಮ ಕಡೆ ಬಲವಾದ ನಂಬಿಕೆ. ಹರಡಬೇಕಾದರೆ ಜೊತೆಗಾರ ಬೇಕು, ತೂಬು ಬೇಕು, ರಕ್ತದಲ್ಲಿ ಬದುಕಬೇಕು, ಹದವಾದ ನೆಲ ಸಿಗಬೇಕು ಅಂತ ಈಗ ಕೇಳಿದಿರಲ್ಲ. ಸೂಜಿಯಿಂದ ಆಯಸ್ಸು ಕಮ್ಮಿಯಾದದ್ದಿಲ್ಲ. ಸೂಜಿ ಬೇಡ ಅಂತ ಆರು ತಿಂಗಳು ತಡ ಮಾಡಿದವರಿಗೆ ಕಮ್ಮಿಯಾಗಿದೆ. ರೋಗ ಅಂಟುವುದೂ ಇಲ್ಲ. ತಟ್ಟೆ ಲೋಟ ಬೇರೆ ಇಡಬೇಡಿ.

ನೋವಿಲ್ಲದ ಗಂಟು, ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಬಿದ್ದ ಚರ್ಮ, ತೊಟ್ಟು ಒಳಕ್ಕೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ ಬರುವುದು, ಕಂಕುಳಲ್ಲಿ ಗಂಟು, ಇವುಗಳಲ್ಲಿ ಒಂದು ಕಂಡರೂ ತೋರಿಸಬೇಕು. ಗಂಟೆಲ್ಲ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಅಲ್ಲವೇ ಅಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆ ಕೈಯಲ್ಲೇ ಪರೀಕ್ಷೆ ಮಾಡಿಸಿ, ಇಪ್ಪತ್ತು ವರ್ಷ ಲೆಕ್ಕ ಇಟ್ಟರು. 2021ರಲ್ಲಿ ಫಲಿತಾಂಶ ಬಂತು. ಪರೀಕ್ಷೆ ಆದವರಲ್ಲಿ ರೋಗ ಚಿಕ್ಕದಿರುವಾಗಲೇ ಸಿಕ್ಕಿತು. ಐವತ್ತು ದಾಟಿದವರಲ್ಲಿ ಸಾವು ಹೆಚ್ಚುಕಡಿಮೆ ನೂರಕ್ಕೆ ಮೂವತ್ತರಷ್ಟು ಕಡಿಮೆಯಾಯಿತು. ದೊಡ್ಡ ಮೆಷಿನ್ ಇಲ್ಲ, ಕೈ ಮಾತ್ರ.

ಖರ್ಚಿನ ಬಗ್ಗೆ ಬಹಳ ಜನ ಕೇಳಿದ್ದೀರಿ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ. ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸವಲತ್ತಿದೆ. ಸಹಕಾರಿಗಳದೇ ಆದ ಯಶಸ್ವಿನಿ 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2023ರಿಂದ ಮತ್ತೆ ನಡೆಯುತ್ತಿದೆ. ಯಾವ ಚಿಕಿತ್ಸೆ ಯಾವುದರಲ್ಲಿ ಬರುತ್ತೆ ಎಂಬ ಪಟ್ಟಿಯನ್ನು ಕಾರ್ಯದರ್ಶಿಗಳು ತರಿಸಿ ನೋಟೀಸ್ ಬೋರ್ಡಿಗೆ ಹಾಕುತ್ತಾರೆ. ಕಾರ್ಡು ನವೀಕರಣ ಆಗದವರು ಬಟವಾಡೆ ದಿನ ಬಂದು ಅವರನ್ನು ಕಾಣಬೇಕು.

ಕೊನೆಯದಾಗಿ ಒಂದು ಪ್ರಕಟಣೆ. ಮೂವತ್ತು ವರ್ಷ ದಾಟಿದ ಹೆಂಗಸರಿಗೆ ಉಪಕೇಂದ್ರದಲ್ಲಿ ಈ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಅಲ್ಲಿಗೆ ಹೋಗಲು ಸಂಕೋಚ ಇರುವವರಿಗಾಗಿ, ಮುಂದಿನ ತಿಂಗಳ ಎರಡನೇ ಮಂಗಳವಾರ ಬೆಳಗಿನ ಹಾಲು ಹಾಕಿದ ಮೇಲೆ ಆರೋಗ್ಯ ಸಹಾಯಕಿಯವರು ನಮ್ಮ ಸಂಘದ ಸಭಾ ಕೊಠಡಿಗೇ ಬರುತ್ತಾರೆ. ಕಿಟಕಿಗೆ ಪರದೆ ಹಾಕಿಸಿದ್ದೇವೆ. ಲಾರಿ ಕ್ಯಾನು ತುಂಬಿಕೊಂಡು ಹೊರಟ ಮೇಲೆ ಗಂಡಸರು ಯಾರೂ ಆವರಣದಲ್ಲಿ ನಿಲ್ಲಬಾರದು, ಅರಳಿಕಟ್ಟೆ ಹತ್ತಿರ ಇರಬೇಕು. ನಮ್ಮ ಅತ್ತಿಗೆಯವರು ಬಾಗಿಲ ಹತ್ತಿರ ಕೂತು ಹೆಸರು ಬರೆದುಕೊಳ್ಳುತ್ತಾರೆ.